ಗಣಕದ ಮೂಲೆ: ಆನೆ ಎಲ್ಲಿ ಹೋಯಿತು?

ಕಳೆದ ಸಂಚಿಕೆಯಲ್ಲಿ ಒಂದು ಪುಟದ ತುಂಬ ಬರೀ ಹಳದಿ ಬಣ್ಣ ಇತ್ತಲ್ಲ, ಅದು ಸೂರ್ಯ. ಒಂದನೇ ತರಗತಿಯ ಪುಟಾಣಿ ಬರೆದ ಚಿತ್ರದ ಎಡಮೂಲೆಯ ಸೂರ್ಯ! ಮರುವಾರ ಶಾಲೆಯಲ್ಲಿ ಅವಳು ಬಂದು, "ಅಕ್ಕ, ನನ್ನ ಆನೆ ಎಲ್ಲಿ?" ಅಂತ ಕೇಳಿದಳು. ಕಣ್ಣಲ್ಲಿ ನೀರಿತ್ತು. ತಪ್ಪು ನನ್ನದೇ.

ನಮ್ಮ ಪತ್ರಿಕೆಯ ಪುಟಗಳನ್ನು ನಾನು ಕೈಯಾರೆ ಜೋಡಿಸುವುದಿಲ್ಲ. ಬರಹ, ಚಿತ್ರ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ ಒಂದು ಕಮಾಂಡ್ ಕೊಟ್ಟರೆ ಲೇಟೆಕ್ ಅನ್ನುವ ತಂತ್ರಾಂಶ ಪಿಡಿಎಫ್ ಮಾಡಿಕೊಡುತ್ತದೆ. ಚಿತ್ರದ ಅಳತೆ ನಾವು ಹೇಳದಿದ್ದರೆ ಅದು ಚಿತ್ರದ ಫೈಲನ್ನೇ ಕೇಳುತ್ತದೆ. ಎಡವಟ್ಟು ಆಗಿದ್ದು ಅಲ್ಲೇ.

ರಂಗೋಲಿ ನೆನಪಿಸಿಕೊಳ್ಳಿ. ಅಜ್ಜಿ "15 ಚುಕ್ಕಿ ಇಡು" ಅಂದರೆ ರಂಗೋಲಿ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಚುಕ್ಕಿಗಳ ನಡುವೆ ಎಷ್ಟು ಜಾಗ ಅಂತಲೂ ಹೇಳಬೇಕು. ಜೆಪಿಜಿ, ಪಿಎನ್‌ಜಿ ಫೈಲುಗಳೂ ಹಾಗೆಯೇ. ಆನೆಯ ಚಿತ್ರವನ್ನು ಅವರಮ್ಮ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದರು: ಅಡ್ಡಕ್ಕೆ 4000 ಚುಕ್ಕಿ, ಉದ್ದಕ್ಕೆ 3000. ಅಂಗುಲಕ್ಕೆ 300 ಚುಕ್ಕಿ ಅಂತಿದ್ದರೆ ಅಗಲ ಸುಮಾರು 13 ಅಂಗುಲ. ಫೈಲಿನಲ್ಲಿ ಏನೂ ಬರೆದಿರದಿದ್ದರೆ ಲೇಟೆಕ್ ಅಂಗುಲಕ್ಕೆ 72 ಅಂತ ಹಿಡಿಯುತ್ತದೆ. ಆಗ ಅಗಲ 55 ಅಂಗುಲಕ್ಕಿಂತ ಹೆಚ್ಚು! ಎ4 ಹಾಳೆಯ ಅಗಲ ಬರೀ 8.27 ಅಂಗುಲ. ಸೂರ್ಯ ಮಾತ್ರ ಹಿಡಿಸಿದ, ಆನೆ ಹಾಳೆಯ ಆಚೆ ಉಳಿಯಿತು.

ನಮ್ಮ ಶಾಲೆಯ ಲಾಂಛನಕ್ಕೆ ಈ ಕಷ್ಟ ಇಲ್ಲ. ಅದು ಗೆರೆಗಳಿಂದಲೇ ಮಾಡಿದ ಪಿಡಿಎಫ್, ಅಳತೆ ಅದರೊಳಗೇ ಇದೆ.

ಹಾಗಾಗಿ ಫೈಲಿನ ಬಗೆ ನೋಡಿ ಅಳತೆ ಕೊಡುವ ನಿಯಮ ಬರೆದೆ. ಜೆಪಿಜಿ ಬಂದರೆ ಸಾಲಿನಷ್ಟು ಅಗಲ, ಪಿಎನ್‌ಜಿಗೆ ಅದರ ಅರ್ಧ, ಪಿಡಿಎಫ್ ಇದ್ದ ಹಾಗೇ. ಪರೀಕ್ಷೆಗೆ ಓದೋದು ಬಿಟ್ಟು ಎರಡು ಸಂಜೆ ಕೂತಿದ್ದೆ (ಅಮ್ಮನಿಗೆ ಈಗ ಗೊತ್ತಾಯಿತು). ಆನೆ ಪೂರ್ತಿ ಬಂತು. ಆದರೆ ನಾಲ್ಕನೇ ತರಗತಿಯ ಹುಡುಗನೊಬ್ಬನ ಕಾಪಿ ಬರಹ ಪಿಎನ್‌ಜಿ ಆಗಿತ್ತು. ಅರ್ಧ ಅಗಲದಲ್ಲಿ ಅವನ ಒತ್ತಕ್ಷರಗಳು ಇರುವೆಗಳ ಹಾಗೆ ಕಂಡವು. ಫೈಲಿನ ಬಗೆ ನೋಡಿದರೆ ಒಳಗೆ ಏನಿದೆ ಅಂತ ತಿಳಿಯುವುದಿಲ್ಲವಲ್ಲ. ಈಗ ಹೆಸರು 'ಬರಹ' ಅಂತ ಶುರುವಾದರೆ ಯಾವ ಫೈಲಾದರೂ ಪೂರ್ತಿ ಅಗಲ.

ಆಂಟಿ, ಅಂಕಲ್, ದಯವಿಟ್ಟು ಫೈಲಿಗೆ ಹಾಗೆ ಹೆಸರಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲವಾದರೆ ಚುಕ್ಕಿಗಳೇ ಕಡಿಮೆಯಾಗುತ್ತವೆ.

ಆನೆ ಈ ಸಲ ನಾಲ್ಕನೇ ಪುಟದಲ್ಲಿದೆ, ಬಾಲದ ಸಮೇತ.