148ಕ್ಕೆ 5

ಮ್ಯಾಪಿನಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರ ನೋಡಿದರೆ ಬರೀ ನೀಲಿ. ಆ ನೀಲಿ ಮಧ್ಯೆ ಒಂದು ಚುಕ್ಕೆ ಇದೆ, ಟ್ರಿಸ್ಟನ್ ಡ ಕುನ್ಹಾ ಅಂತ. ಜನ ಇರುವ ಹತ್ತಿರದ ಜಾಗ ಅಂದರೆ ಸೇಂಟ್ ಹೆಲೆನಾ. ಅದೇ ಸುಮಾರು 2,400 ಕಿ.ಮೀ. ದೂರ. ವಿಮಾನ ನಿಲ್ದಾಣ ಇಲ್ಲ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರದ ಪ್ರಯಾಣ. ಸಮುದ್ರ ಕೆರಳಿದ್ದರೆ ಊರು ಕಣ್ಣೆದುರಿಗಿದ್ದರೂ ಇಳಿಯೋಕಾಗಲ್ಲ.

ದ್ವೀಪ ಅಂದರೆ ಒಂದು ಜ್ವಾಲಾಮುಖಿ, ಎತ್ತರ 2,062 ಮೀಟರ್. ಅದರ ಬುಡದ ಚಿಕ್ಕ ಬಯಲಲ್ಲಿ ಇರೋದು ಒಂದೇ ಊರು: ಎಡಿನ್‌ಬರ್ಗ್ ಆಫ್ ದ ಸೆವೆನ್ ಸೀಸ್. ಜನ ಇನ್ನೂರೈವತ್ತಕ್ಕಿಂತ ಕಡಿಮೆ. 1816ರಲ್ಲಿ ಬ್ರಿಟಿಷ್ ಸೈನ್ಯ ಇಲ್ಲಿ ಕಾವಲಿಗೆ ಬಂತು. ಮರುವರ್ಷ ಸೈನ್ಯ ವಾಪಸಾದಾಗ ವಿಲಿಯಂ ಗ್ಲಾಸ್ ಎಂಬ ಸೈನಿಕ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಉಳಿದ. ಆಮೇಲೆ ಹಡಗು ಒಡೆದು ಬಂದ ನಾವಿಕರು, ಸೇಂಟ್ ಹೆಲೆನಾದ ಹೆಂಗಸರು ಸೇರಿಕೊಂಡರು. ಹಾಗಾಗಿ ಊರಲ್ಲಿ ಇವತ್ತಿಗೂ ಬೆರಳೆಣಿಕೆಯಷ್ಟೇ ಮನೆತನಗಳು. ಜಮೀನು ಎಲ್ಲರದ್ದು, ಹೊರಗಿನವರು ಕೊಳ್ಳುವ ಹಾಗಿಲ್ಲ. ಹೊಟ್ಟೆಗೆ ಆಲೂಗಡ್ಡೆ, ಕಾಸಿಗೆ ಲಾಬ್ಸ್ಟರ್. ಕಡಲು ಶಾಂತವಾಗಿದ್ದ ಬೆಳಿಗ್ಗೆ ಗಂಟೆ ಬಾರಿಸುತ್ತಾರೆ. ಆವತ್ತು ಮೀನುಗಾರಿಕೆ ಉಂಟು ಅಂತ ಅರ್ಥ.

1961ರ ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ನೆಲ ಬಿರಿದು ಲಾವಾ ಉಕ್ಕಿತು. ಇಡೀ ಊರನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಸಂಬಳದ ಕೆಲಸ, ಅಂಗಡಿ, ಟಿ.ವಿ., ಬಸ್ಸು ಎಲ್ಲ ಸಿಕ್ಕಿತು. ಇನ್ನು ಇವರು ಆ ಬಂಡೆಗೆ ಯಾಕೆ ಹೋಗ್ತಾರೆ ಅಂತ ಯಾರಿಗಾದರೂ ಅನಿಸುತ್ತೆ. ಆದರೆ 1962ರ ಕೊನೆಗೆ ಮತ ಹಾಕಿಸಿದಾಗ ವಾಪಸ್ ಹೋಗಬೇಕು ಅಂದವರು 148, ಬೇಡ ಅಂದವರು 5! 1963ರಲ್ಲಿ ಬಹುಪಾಲು ಜನ ಮರಳಿದರು. ಲಾಬ್ಸ್ಟರ್ ಕಾರ್ಖಾನೆ ಲಾವಾದಡಿ ಹೋಗಿತ್ತು, ಮತ್ತೆ ಕಟ್ಟಿಕೊಂಡರು. ಕೆಲವು ವರ್ಷ ಕಳೆದ ಮೇಲೆ ಒಂದಷ್ಟು ಜನ ಪುನಃ ಇಂಗ್ಲೆಂಡಿಗೆ ಹೋದದ್ದೂ ನಿಜ.

ಇದನ್ನು ಬರೀ ಊರಿನ ಮೋಹ ಅಂದುಬಿಡಬಹುದು. ನನಗೆ ಹಾಗನ್ನಿಸಲ್ಲ. ಅಲ್ಲಿ ದೋಣಿ ಎಳೆಯೋದಕ್ಕೆ, ಮನೆಗೆ ಸೂರು ಹೊದಿಸೋದಕ್ಕೆ ಪ್ರತಿಯೊಬ್ಬನ ಕೈಯೂ ಬೇಕಿತ್ತು. ಇಂಗ್ಲೆಂಡಿನಲ್ಲಿ ಅವರಿಗೆ ಎಲ್ಲವೂ ಸಿಕ್ಕಿತು, ಆದರೆ ಅವರಿಲ್ಲದಿದ್ದರೂ ಅಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಜನರೇಟರ್ ಇದೆ. ಎದುರು ಮನೆಯವರ ಹೆಸರು ಮಾತ್ರ ಡೆಲಿವರಿ ಹುಡುಗನಿಗೆ ಗೊತ್ತು, ನನಗೆ ಗೊತ್ತಿಲ್ಲ. ದೂರದ ದ್ವೀಪ ಯಾವುದು ಅಂತ ಈಗ ನೀವೇ ಹೇಳಿ.