ಹಳೆಯ ವಾಚು ಮತ್ತು ಮುಚ್ಚಿಟ್ಟ ದೋಷ

ನಮ್ಮ ಮದುವೆಗಳಲ್ಲಿ ವರನ ಕೈಗೆ ವಾಚು ಕಟ್ಟುವ ರೂಢಿ ಹಳೆಯದು. ಒಂದು ಕಾಲಕ್ಕೆ ಎಚ್‌ಎಂಟಿ ಸಾಕಾಗಿತ್ತು. ಗಲ್ಫ್‌ನ ಹಣದೊಂದಿಗೆ ಸೀಕೊ, ಸಿಟಿಜನ್ ಬಂದವು. ಈಗ ರಾಡೊ, ಒಮೆಗಾಗಳ ಹೆಸರು ಕೇಳಿಬರುತ್ತಿದೆ. ಸೇಡಂ ಅಥವಾ ಶಹಾಬಾದಿನ ಸಾಮಾನ್ಯ ತಂದೆಯೊಬ್ಬ ಹೊಸ ರಾಡೊ ಎಲ್ಲಿಂದ ತಂದಾನು? ಆತ ಮೊಬೈಲಿನಲ್ಲಿ ಬಳಸಿದ ವಾಚು ಹುಡುಕುತ್ತಾನೆ. ಚಿತ್ರ ನೋಡಿ ಹಣ ಕಳಿಸುತ್ತಾನೆ. ಆರು ತಿಂಗಳಲ್ಲಿ ವಾಚು ನಿಂತು, ರಿಪೇರಿಯವನು ಹಿಂಬದಿಯ ಮುಚ್ಚಳ ಬಿಚ್ಚಿ ನಕಲಿ ಎಂದರೆ ಅತ್ತೆಮನೆಯಲ್ಲಿ ಮಾತು ಕೇಳಬೇಕಾದವಳು ಮಗಳು.

ಬಳಸಿದ ವಸ್ತುವಿನ ವ್ಯಾಪಾರ ಸಂಪೂರ್ಣ ಹಲಾಲ್. ಅದರಲ್ಲಿ ಅವಮಾನವೇನೂ ಇಲ್ಲ. ಪ್ರಶ್ನೆ ಇರುವುದು ದೋಷ ಮುಚ್ಚಿಡುವುದರಲ್ಲಿ. ಚಿತ್ತಾಪುರ, ಚಿಂಚೋಳಿಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತೊಗರಿ ಕೊಳ್ಳುವವನು ಚೀಲದ ಬಾಯಿಯ ಕಾಳನ್ನಷ್ಟೇ ನಂಬುವುದಿಲ್ಲ, ನಡುವಿಗೆ ಚುಚ್ಚಿ ತೆಗೆದು ನೋಡುತ್ತಾನೆ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಸಾರಿದರು. ಮೊಬೈಲಿನ ಪರದೆಯೊಳಗೆ ಕೈ ಹಾಕಿ ನೋಡಲಾಗದು. ಆದ್ದರಿಂದ ಮಾರುವವನ ಬಾಯಿಮಾತಿನ ಹೊಣೆ ಇಲ್ಲಿ ಇಮ್ಮಡಿಯಾಗುತ್ತದೆ.

ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ವಾಚು ತಯಾರಿಕೆ ದೇಶದ ಹೆಮ್ಮೆಯಾಗಿತ್ತು. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ನೀಡಿತು. ಅದರೊಂದಿಗೆ ಹಳೆಯ ಜನತಾ, ಪೈಲಟ್ ವಾಚುಗಳಿಗೆ ಬೇಡಿಕೆ ಏರಿತು. ಕೂಡಲೇ ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಒಂದರ ಮಷೀನು ಇನ್ನೊಂದರ ಕೇಸಿಗೆ ಕೂರಿಸಿ, ಅಸಲಿ ಹಳೆಯದೆಂದು ಮಾರುವವರು ಹುಟ್ಟಿಕೊಂಡರು. ಬಣ್ಣ ಬಳಿಯುವುದು ತಪ್ಪಲ್ಲ, ಬಳಿದದ್ದನ್ನು ಹೇಳದಿರುವುದು ತಪ್ಪು.

"ಇದ್ದಂತೆ ಕೊಡುತ್ತೇನೆ, ಆಮೇಲೆ ಕೇಳಬೇಡಿ" ಎಂಬ ಷರತ್ತು ಸಾಕೆಂದು ಕೆಲವರು ವಾದಿಸುತ್ತಾರೆ. ಎಲ್ಲ ದೋಷಗಳಿಂದ ಹೊಣೆಮುಕ್ತನೆಂಬ ಷರತ್ತಿಗೆ ಹನಫಿ ಫಿಕ್ಹ್‌ನಲ್ಲಿ ಅವಕಾಶವಿದೆ, ನಿಜ. ಆದರೆ ತಿಳಿದೂ ತಿಳಿದೂ ಮರೆಮಾಚಲು ಅದು ಪರವಾನಗಿಯಲ್ಲ. ಕಾಣದೆ ಕೊಂಡ ವಸ್ತುವನ್ನು ಕಂಡ ಮೇಲೆ ಹಿಂತಿರುಗಿಸುವ ಹಕ್ಕನ್ನೂ ಅದೇ ಫಿಕ್ಹ್ ಕೊಟ್ಟಿದೆಯೆಂಬುದನ್ನು ಇವರು ಮರೆಯುತ್ತಾರೆ. ಇಮಾಮ್ ಅಬೂ ಹನೀಫಾ(ರ) ಸ್ವತಃ ಬಟ್ಟೆ ವ್ಯಾಪಾರಿ. ಪಾಲುದಾರರು ದೋಷವಿದ್ದ ಬಟ್ಟೆಯನ್ನು ಹೇಳಲು ಮರೆತು ಮಾರಿದಾಗ, ಕೊಂಡವನ ಪತ್ತೆಯಾಗದೆ, ಬಂದ ಹಣವನ್ನೆಲ್ಲ ಅವರು ದಾನ ಮಾಡಿದರು.

ಕೊಳ್ಳುವವನೂ ಕೈತೊಳೆದುಕೊಳ್ಳುವಂತಿಲ್ಲ. ರೇಷ್ಮೆ ಮಾರಲು ಬಂದ ಮಹಿಳೆ ನೂರು ಕೇಳಿದಾಗ, ಅದರ ಬೆಲೆ ಹೆಚ್ಚೆಂದು ಇಮಾಮರೇ ತಿಳಿಸಿ ಕೊನೆಗೆ ಐನೂರಕ್ಕೆ ಕೊಂಡರೆಂದು ಅವರ ಚರಿತ್ರೆಯಲ್ಲಿದೆ. ಬೆಲೆ ತಿಳಿಯದ ವಿಧವೆಯ ಬಳಿ ಪತಿಯ ವಾಚನ್ನು ಪುಡಿಗಾಸಿಗೆ ಹೊಡೆದುಕೊಂಡು ಬೀಗುವವರು ಇದನ್ನು ಓದಬೇಕು. ಇನ್ನು, ಲಕ್ಷದ ವಾಚು ಹತ್ತು ಸಾವಿರಕ್ಕೆ ಬಂದರೆ ಅದು ಅದೃಷ್ಟವಲ್ಲ. ಒಂದೋ ನಕಲಿ, ಇಲ್ಲವೇ ಕದ್ದದ್ದು. ಮಾಲಕನಲ್ಲದವನಿಂದ ಕೊಂಡರೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲವೆಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. ಕದ್ದದ್ದೆಂದು ತಿಳಿದು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯಡಿ ಮೂರು ವರ್ಷದವರೆಗೆ ಸೆರೆ. ಆದ್ದರಿಂದ ಮೂಲ ಬಿಲ್ಲು, ವಾರಂಟಿ ಕಾರ್ಡು, ಕೇಸಿನ ಮೇಲಿನ ಸಂಖ್ಯೆ ತಾಳೆಯಾಗುವವರೆಗೆ ಹಣ ಕಳಿಸಬೇಡಿ. ಪಾರ್ಸೆಲ್ ಬಿಚ್ಚುವಾಗ ವೀಡಿಯೊ ತೆಗೆಯಿರಿ.

ಮಾರುವವರಿಗೂ ಒಂದು ಮಾತು: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿರೆಂದವನು ಕಳ್ಳ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿಯವ ವಂಚಿಸಿದರೆ ಗ್ರಾಹಕ ಆಯೋಗವಿದೆ. ಸ್ವಂತದ ಒಂದು ವಾಚು ಮಾರಿದ ಖಾಸಗಿ ವ್ಯಕ್ತಿಯ ಮೇಲೆ ಅಲ್ಲಿ ದೂರು ನಿಲ್ಲುವುದು ಕಷ್ಟ.

ಇಷ್ಟೆಲ್ಲ ಎಚ್ಚರಿಕೆ ಯಾರಿಗಾಗಿ? ನಿಕಾಹ್‌ನಲ್ಲಿ ಕೊಡಬೇಕಾದವನು ವರ. ಮಹ್ರ್ ಅವನ ಹೊಣೆ. ವಾಡಿಯಲ್ಲಾಗಲಿ ಸೇಡಂನಲ್ಲಾಗಲಿ, ಈ ಬಾರಿ ಮದುವೆಯ ಮಾತುಕತೆಗೆ ಕೂರುವ ಹಿರಿಯರು ಪಟ್ಟಿಯಿಂದ ವಾಚನ್ನು ಮೊದಲು ಹೊಡೆದುಹಾಕಲಿ.