ಬಾಡಿಗೆಗೆ ಕೊಟ್ಟಿದ್ದಕ್ಕೇ ಉಳಿದ ಕಾಡುಮನೆಗಳು

ಅಮೆರಿಕದ ಪಶ್ಚಿಮ ರಾಜ್ಯಗಳ ಬೆಟ್ಟದ ನೆತ್ತಿಗಳ ಮೇಲೆ ಹದಿನಾಲ್ಕು ಅಡಿ ಚೌಕದ ಮರದ ಕೋಣೆಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಸೊಂಟದೆತ್ತರದವರೆಗೆ ಹಲಗೆ, ಅಲ್ಲಿಂದ ಮೇಲೆ ನಾಲ್ಕೂ ಕಡೆ ಗಾಜು. ಒಳಗೆ ಒಂದು ಮಂಚ, ಒಂದು ಸೌದೆ ಒಲೆ, ನಟ್ಟನಡುವೆ ದಿಕ್ಕು ಅಳೆಯುವ ಉಪಕರಣ ಕೂರಿಸಿದ ಪೀಠ. ಮೂಲೆಯಲ್ಲೊಂದು ಪುಟ್ಟ ಸ್ಟೂಲು. ಅದರ ನಾಲ್ಕು ಕಾಲಿಗೂ ದಪ್ಪ ಗಾಜಿನ ಬುರುಡೆಗಳಿವೆ, ಹಳೆಯ ತಂತಿ ಕಂಬಗಳ ಮೇಲೆ ಕಾಣುತ್ತಿದ್ದಂಥವು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಬೆಂಕಿ ಕಾವಲುಗಾರ ಈ ಸ್ಟೂಲು ಹತ್ತಿ ನಿಲ್ಲಬೇಕಿತ್ತು, ಸಿಡಿಲಿನ ವಿದ್ಯುತ್ತು ಮೈಯೊಳಗೆ ಹರಿದು ನೆಲ ಸೇರದಿರಲೆಂದು. ಹಾಗೆ ನಿಂತೇ ಯಾವ ಕಣಿವೆಯಲ್ಲಿ, ಯಾವ ದಿಬ್ಬದ ಮೇಲೆ ಸಿಡಿಲು ಬಿತ್ತೆಂದು ಗುರುತು ಹಾಕಿಕೊಳ್ಳಬೇಕಿತ್ತು. ಮರುದಿನ ಹೊಗೆ ಏಳುವುದು ಅಲ್ಲಿಂದಲೇ.

ಇಂಥ ಕೋಣೆಗಳಲ್ಲಿ ಹಲವನ್ನು ಇವತ್ತು ಯಾರು ಬೇಕಾದರೂ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬಹುದು. ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿ 154 ರಾಷ್ಟ್ರೀಯ ಅರಣ್ಯಗಳಿವೆ. ಒಟ್ಟು ವಿಸ್ತೀರ್ಣ ಸುಮಾರು 19 ಕೋಟಿ ಎಕರೆ, ಅಂದರೆ ಕರ್ನಾಟಕದ ನಾಲ್ಕು ಪಟ್ಟು. ಆ ಕಾಡುಗಳೊಳಗಿನ ಬೆಂಕಿ ಕಾವಲು ಗೋಪುರಗಳು, ರೇಂಜರುಗಳ ಹಳೆಯ ಠಾಣೆಗಳು, ಗಾರ್ಡುಗಳ ಮನೆಗಳು, ಗಣಿ ಕಾಲದ ಕಟ್ಟಡಗಳು ಈಗ ಕ್ಯಾಬಿನ್ ಎಂಬ ಹೆಸರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಬಹುತೇಕ ಕಡೆ ನಲ್ಲಿ ಇಲ್ಲ, ಕರೆಂಟ್ ಇಲ್ಲ, ಶೌಚಾಲಯ ಹೊರಗೆ. ನೀರು, ಹಾಸಿಗೆ, ಅಕ್ಕಿ ಬೇಳೆ ಎಲ್ಲ ಹೊತ್ತು ತರಬೇಕು. ಹಲವು ಕಡೆ ಬೀಗಕ್ಕೆ ಕೀಲಿಕೈ ಇಲ್ಲ, ಬುಕ್ ಮಾಡಿದವರಿಗೆ ಅಂಕಿಗಳ ಗುಟ್ಟು ಕಳಿಸುತ್ತಾರೆ. ಓರೆಗಾನ್ ರಾಜ್ಯದ ಮೌಂಟ್ ಹುಡ್ ಅರಣ್ಯದಲ್ಲಿರುವ ಫೈವ್‌ಮೈಲ್ ಬ್ಯೂಟ್ ಗೋಪುರಕ್ಕೆ ಚಳಿಗಾಲದಲ್ಲಿ ಹಿಮದ ಮೇಲೆ ನಡೆದೋ ಸ್ಕೀ ಕಟ್ಟಿಕೊಂಡೋ ಹೋಗಬೇಕು. ಅಲಾಸ್ಕದ ಟೋಂಗಸ್ ಅರಣ್ಯದ ಎಷ್ಟೋ ಕ್ಯಾಬಿನ್‌ಗಳಿಗೆ ರಸ್ತೆಯೇ ಇಲ್ಲ. ದೋಣಿ, ಇಲ್ಲವೇ ನೀರಿನ ಮೇಲಿಳಿಯುವ ಪುಟ್ಟ ವಿಮಾನ.

ಇದನ್ನು ಸಾಹಸ ಪ್ರವಾಸದ ಒಂದು ಬಗೆ ಎಂದಷ್ಟೇ ನೋಡಿದರೆ ಮುಖ್ಯ ವಿಷಯವೇ ಕೈತಪ್ಪುತ್ತದೆ. ಸರ್ಕಾರದ ಬಳಿ ಕೆಲಸ ಮುಗಿದ ಹಳೆಯ ಕಟ್ಟಡಗಳಿದ್ದಾಗ ಅವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಮೆರಿಕದ ಅರಣ್ಯ ಸೇವೆ ತಡವಾಗಿಯಾದರೂ ಒಳ್ಳೆಯ ಉತ್ತರ ಕಂಡುಕೊಂಡಿದೆ. ಬೀಗ ಜಡಿದು ಫಲಕ ಹಾಕುವುದಲ್ಲ, ಸಿರಿವಂತರ ರೆಸಾರ್ಟಿಗೆ ಒಪ್ಪಿಸುವುದೂ ಅಲ್ಲ. ಸಾಮಾನ್ಯರಿಗೆ ಕೈಗೆಟುಕುವ ದರದಲ್ಲಿ ಕೊಟ್ಟು, ಬಂದ ಹಣವನ್ನು ಅದೇ ಕಟ್ಟಡದ ಸೂರಿಗೆ ಹಾಕುವುದು. ಈ ವ್ಯವಸ್ಥೆ ಉಳಿಯಬೇಕು. ಅದಕ್ಕೀಗ ಅಪಾಯ ಇದೆ ಎಂಬುದರಿಂದ ಈ ಮಾತು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ.

ಗೋಪುರಗಳ ಕಥೆ ಒಂದು ದುರಂತದಿಂದ ಶುರುವಾಗುತ್ತದೆ. ಅರಣ್ಯ ಸೇವೆ ಹುಟ್ಟಿದ್ದು 1905ರಲ್ಲಿ. ಐದೇ ವರ್ಷಕ್ಕೆ, 1910ರ ಆಗಸ್ಟ್ 20 ಮತ್ತು 21ರಂದು ಬಿರುಗಾಳಿ ಹೊತ್ತು ತಂದ ಬೆಂಕಿ ಐಡಾಹೊ, ಮೊಂಟಾನಾ ಕಾಡುಗಳಲ್ಲಿ ಸುಮಾರು 30 ಲಕ್ಷ ಎಕರೆಯನ್ನು ಬೂದಿ ಮಾಡಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಕಿಡಿ ಇದ್ದಾಗಲೇ ಕಾಣಬೇಕು, ಕಂಡ ಕೂಡಲೇ ಆರಿಸಬೇಕು ಎಂಬ ಹಟ ಅಲ್ಲಿಂದ ಇಲಾಖೆಯನ್ನು ಹಿಡಿಯಿತು. ಬೆಟ್ಟದ ತುದಿಗಳಿಗೆ ಹೇಸರಗತ್ತೆಗಳ ಮೇಲೆ ಹಲಗೆ, ಗಾಜು, ಮೊಳೆ ಸಾಗಿದವು. ಹೊರೆ ಕಟ್ಟುವಷ್ಟಕ್ಕೇ ತುಂಡು ಮಾಡಿಟ್ಟ ಕೋಣೆಯನ್ನು ಮೇಲೆ ಒಯ್ದು ಜೋಡಿಸುವ ಮಾದರಿಯೂ ಬಂತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರ ದಳ ಕಟ್ಟಿದರು. 1933ರಿಂದ 1942ರವರೆಗೆ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದರು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರ ಮನೆಗೆ. ಇಂದು ಬಾಡಿಗೆಗೆ ಸಿಗುವ ಎಷ್ಟೋ ಗೋಪುರಗಳ, ಠಾಣೆಗಳ ಕಲ್ಲು ಕಂಬಗಳಲ್ಲಿ ಇರುವುದು ಆ ಹುಡುಗರ ದುಡಿಮೆ.

ಕಾವಲುಗಾರರಲ್ಲಿ ಹೆಂಗಸರೂ ಇದ್ದರು. 1913ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಾಮತ್ ಅರಣ್ಯದಲ್ಲಿ ಹ್ಯಾಲಿ ಡ್ಯಾಗೆಟ್ ಎಂಬಾಕೆ ಎಡ್ಡಿ ಗಲ್ಚ್ ಗೋಪುರದ ಕೆಲಸಕ್ಕೆ ಸೇರಿದರು. ಅರಣ್ಯ ಸೇವೆಯ ಮೊದಲ ಮಹಿಳಾ ಬೆಂಕಿ ಕಾವಲುಗಾರ್ತಿ ಅವರು. ಒಂಟಿ ಹೆಂಗಸು ನಾಲ್ಕು ದಿನವೂ ನಿಲ್ಲಲಾರಳು ಎಂದು ಶಂಕಿಸಿದವರು ಇದ್ದರು. ಅವರು ಹದಿನಾಲ್ಕು–ಹದಿನೈದು ಬೇಸಿಗೆಗಳನ್ನು ಅಲ್ಲೇ ಕಳೆದರು.

ಎರಡನೇ ಮಹಾಯುದ್ಧದ ನಂತರ ವಿಮಾನಗಳು ಕಾವಲಿಗೆ ಬಂದವು. ಈಗ ಕ್ಯಾಮೆರಾ, ಉಪಗ್ರಹಗಳಿವೆ. ಒಂದು ಕಾಲಕ್ಕೆ ದೇಶದುದ್ದಕ್ಕೂ ಸಾವಿರಾರಿದ್ದ ಗೋಪುರಗಳು ಒಂದೊಂದಾಗಿ ಖಾಲಿಯಾದವು. ರಿಪೇರಿಗೆ ದುಡ್ಡಿಲ್ಲ, ಯಾರಾದರೂ ಹತ್ತಿ ಬಿದ್ದರೆ ಹೊಣೆ ಯಾರದು ಎಂಬ ಚಿಂತೆ ಬೇರೆ. ಬೆಂಕಿ ಕಾಯಲು ಕಟ್ಟಿದ ಎಷ್ಟೋ ಕೋಣೆಗಳಿಗೆ ಇಲಾಖೆಯವರೇ ಬೆಂಕಿ ಇಟ್ಟರು. ಅರಣ್ಯ ಸೇವೆಯ ಚರಿತ್ರೆಯಲ್ಲಿ ಇದು ಮರೆಯಬಾರದ ಅಧ್ಯಾಯ.

ಉಳಿದವು ಹೇಗೆ ಉಳಿದವು? ಕೊಲೊರಾಡೊದ ಸ್ಯಾನ್ ಹ್ವಾನ್ ಅರಣ್ಯದಲ್ಲಿರುವ ಜರ್ಸಿ ಜಿಮ್ ಗೋಪುರ 55 ಅಡಿ ಎತ್ತರದ್ದು. ಅದನ್ನೂ ಕೆಡವುವ ಮಾತಿತ್ತು. ಸ್ಥಳೀಯರು ಸಂಘ ಕಟ್ಟಿಕೊಂಡು ದುರಸ್ತಿ ಮಾಡಿ 1990ರ ದಶಕದ ಮೊದಲಲ್ಲಿ ಬಾಡಿಗೆಗೆ ತೆರೆದರು. ಹೋದವರು ನೀರು, ದಿನಸಿಯನ್ನು ಹಗ್ಗ ರಾಟೆಯಿಂದ ಮೇಲೆಳೆದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಟಾಹೊ ಅರಣ್ಯದಲ್ಲಿ 1934ರ ಕ್ಯಾಲ್‌ಪೈನ್ ಗೋಪುರ ಗಾಳಿಗಿರಣಿಯ ಆಕಾರದ್ದು; ಅದೂ ಈಗ ಬಾಡಿಗೆಯ ಬಲದಿಂದಲೇ ನಿಂತಿದೆ.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಗೋಪುರವಲ್ಲ, ಅರಿಜೋನಾದ ಒಂದು ಮಣ್ಣಿನ ಮನೆ. ಕೊರೊನಾಡೊ ಅರಣ್ಯದ ಸಾಂಟಾ ರೀಟಾ ಬೆಟ್ಟಗಳ ಮಡಿಲಲ್ಲಿ ಕೆಂಟಕಿ ಕ್ಯಾಂಪ್ ಎಂಬ ಜಾಗವಿದೆ. ಅಲ್ಲಿನ ಮಣ್ಣಿನಲ್ಲಿ ಚಿನ್ನವಿತ್ತು, ತೊಳೆಯಲು ನೀರಿರಲಿಲ್ಲ. ಜೇಮ್ಸ್ ಸ್ಟೆಟ್ಸನ್ ಎಂಬ ಎಂಜಿನಿಯರ್ ಬೆಟ್ಟದ ಹಳ್ಳಗಳ ನೀರನ್ನು ಹಿಡಿದು ಕೊಳವೆಗಳಲ್ಲಿ ತರುವ ಯೋಜನೆ ಹಾಕಿ, 1904ರಲ್ಲಿ ಹಸಿ ಇಟ್ಟಿಗೆಯ ಕಟ್ಟಡಗಳನ್ನು ಕಟ್ಟಿಸಿದ. ಮರುವರ್ಷ ಟೂಸಾನ್ ನಗರದ ಹೋಟೆಲೊಂದರ ಕಿಟಕಿಯಿಂದ ಬಿದ್ದು ಸತ್ತ. ಯೋಜನೆ ಅಲ್ಲಿಗೆ ನಿಂತಿತು. ಕಟ್ಟಡಗಳು ದನಗಾವಲಿನ ಮನೆಯಾಗಿ, ಆಮೇಲೆ ಪಾಳುಬಿದ್ದು, ಕೊನೆಗೆ 1989ರಲ್ಲಿ ಅರಣ್ಯ ಸೇವೆಯ ಕೈಗೆ ಬಂದವು. ಹಸಿ ಇಟ್ಟಿಗೆಯ ಗೋಡೆಗೆ ಸೂರು ಸೋರಿದರೆ ಒಂದೆರಡು ಮಳೆಗಾಲ ಸಾಕು, ಕರಗಿ ಮಣ್ಣಾಗುತ್ತದೆ. ಸ್ವಯಂಸೇವಕರು ಬಂದು ಮಣ್ಣು ಕಲಸಿದರು, ಇಟ್ಟಿಗೆ ಹಾಕಿದರು, ಗಿಲಾವು ಮಾಡಿದರು. ಈಗ ಅಲ್ಲಿ ಒಂದು ಮನೆ ಬಾಡಿಗೆಗಿದೆ. ಜನ ಉಳಿದುಕೊಳ್ಳುವ ಮನೆಯಲ್ಲಿ ಸೂರಿನ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆ, ಹೇಳುವವರೂ ಇರುತ್ತಾರೆ.

ದುಡ್ಡಿನ ಲೆಕ್ಕವನ್ನೂ ನೋಡಬೇಕು. ಸರ್ಕಾರಿ ಶುಲ್ಕ ಸಾಮಾನ್ಯವಾಗಿ ಖಜಾನೆ ಸೇರುತ್ತದೆ. ಅಲ್ಲಿಂದ ಕಾಡಿನ ಮನೆಗೆ ವಾಪಸು ಬರುವುದು ಯಾವ ಕಾಲಕ್ಕೋ. ಅಮೆರಿಕ 1996ರಲ್ಲಿ ಪ್ರಾಯೋಗಿಕವಾಗಿ, 2004ರಲ್ಲಿ ಕಾಯ್ದೆಯ ಮೂಲಕ ಇದನ್ನು ಬದಲಿಸಿತು. ವಸೂಲಾದ ಶುಲ್ಕದ ದೊಡ್ಡ ಪಾಲು, ಸಾಮಾನ್ಯವಾಗಿ ಶೇ 80ಕ್ಕೆ ಕಡಿಮೆಯಾಗದಂತೆ, ವಸೂಲಾದ ಜಾಗದಲ್ಲೇ ಖರ್ಚಾಗಬೇಕು. ಹಳ್ಳಿಯ ಬಡಗಿಗೆ ಕೂಲಿ ಕೊಡಲು, ಒಲೆಯ ಚಿಮಣಿ ಬದಲಿಸಲು, ಶೌಚಗುಂಡಿ ಖಾಲಿ ಮಾಡಿಸಲು ರಾಜಧಾನಿಯ ಮಂಜೂರಾತಿಗೆ ಕಾಯಬೇಕಿಲ್ಲ. ಆದರೆ ಆ ಕಾಯ್ದೆ ಹತ್ತು ವರ್ಷದ ಅವಧಿಗೆಂದು ಬಂದದ್ದು. ಆಮೇಲಿಂದ ಅಮೆರಿಕದ ಸಂಸತ್ತು ಪದೇಪದೇ ಅವಧಿ ವಿಸ್ತರಿಸುತ್ತ ಬಂದಿದೆ. ನೂರು ವರ್ಷ ಹಳೆಯ ಕಟ್ಟಡಗಳ ಆಧಾರ ಹೀಗೆ ತಾತ್ಕಾಲಿಕವಾಗಿರುವುದು ಸರಿಯಲ್ಲ.

ಉಳಿಯಲು ಬಂದವರ ಹೊಣೆಯೂ ವ್ಯವಸ್ಥೆಯ ಭಾಗವೇ. ಹೊರಡುವ ಮೊದಲು ಗುಡಿಸಬೇಕು, ಕಸ ಹೊತ್ತೊಯ್ಯಬೇಕು, ಮುಂದೆ ಬರುವವರಿಗೆ ಒಣ ಪುರಳೆ ಒಡೆದಿಡಬೇಕು. ಗುಡಿಸುವುದಕ್ಕೂ ಕ್ರಮವಿದೆ. ಅಲ್ಲಿನ ಕಾಡಿಲಿಗಳ ಹಿಕ್ಕೆಯ ದೂಳು ಉಸಿರಿಗೆ ಸೇರಿದರೆ ಹಂಟಾವೈರಸ್ ಎಂಬ ಮಾರಕ ಕಾಯಿಲೆ ಬರಬಹುದು. ಆದ್ದರಿಂದ ಹಿಕ್ಕೆ ಕಂಡಲ್ಲಿ ಒಣ ಪೊರಕೆ ಆಡಿಸಬೇಡಿ, ಬ್ಲೀಚ್ ಬೆರೆಸಿದ ನೀರು ಚಿಮುಕಿಸಿ ನೆನೆಸಿ, ಆಮೇಲೆ ಒರೆಸಿ ಎನ್ನುತ್ತದೆ ಅಲ್ಲಿನ ಸೂಚನೆ. ಪ್ರಜೆಯನ್ನು ಗಿರಾಕಿಯಂತೆ ನೋಡದೆ ಮನೆಯವನಂತೆ ನಂಬಿ, ಕೆಲಸ ಹಚ್ಚುವ ಸರ್ಕಾರಿ ಸೌಲಭ್ಯ ಎಲ್ಲೂ ಸುಲಭವಾಗಿ ಸಿಗುವುದಿಲ್ಲ. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಒಲೆ ಹೊಗೆಯಾಡಿದರೆ ಯಾವ ಕಿಟಕಿ ತೆಗೆಯಬೇಕು, ನೀರಿನ ಊಟೆ ಎಷ್ಟು ದೂರ, ಇಲಿ ಎಲ್ಲಿಂದ ನುಗ್ಗುತ್ತದೆ ಎಂದು ಹಿಂದೆ ಉಳಿದವರು ಅದರಲ್ಲಿ ಬರೆದಿಡುತ್ತಾರೆ.

ಆಕ್ಷೇಪಗಳಿಲ್ಲ ಎಂದಲ್ಲ. ಕಾಡು ಕಾಡಾಗಿಯೇ ಇರಲಿ, ಮನುಷ್ಯನ ಕಟ್ಟಡ ಅಲ್ಲೇಕೆ ಎನ್ನುವವರ ಮಾತಿಗೆ 1964ರ ವನ್ಯಪ್ರದೇಶ ಕಾಯ್ದೆಯ ಬಲವಿದೆ. ವಾಷಿಂಗ್ಟನ್ ರಾಜ್ಯದ ಗ್ರೀನ್ ಮೌಂಟನ್ ಗೋಪುರವನ್ನು ಹೆಲಿಕಾಪ್ಟರ್ ಬಳಸಿ ದುರಸ್ತಿ ಮಾಡಿದ್ದು ಆ ಕಾಯ್ದೆಯ ಉಲ್ಲಂಘನೆ ಎಂದು ದಾವೆ ಹೂಡಲಾಯಿತು. 2012ರಲ್ಲಿ ನ್ಯಾಯಾಲಯ ಗೋಪುರ ತೆಗೆಯಲು ಹೇಳಿತು. 2014ರ ಮಾರ್ಚ್‌ನಲ್ಲಿ ಅದೇ ಸೀಮೆಯ ಓಸೊ ಎಂಬಲ್ಲಿ ಗುಡ್ಡ ಕುಸಿದು 43 ಜನ ಸತ್ತರು. ನೊಂದ ಊರುಗಳಿಗೆ ತಮ್ಮ ಬೆಟ್ಟದ ಗೋಪುರವಾದರೂ ಉಳಿಯಲಿ ಎಂಬ ಒತ್ತಾಯ ಎದ್ದು, ಮರುತಿಂಗಳೇ ಅದನ್ನು ಉಳಿಸುವ ವಿಶೇಷ ಕಾನೂನಿಗೆ ಅಧ್ಯಕ್ಷ ಒಬಾಮ ಸಹಿ ಹಾಕಿದರು. ಅದು ಸರಿಯಾದ ತೀರ್ಮಾನ. ಒಂದು ಹಳೆಯ ಕೋಣೆಯಿಂದ ಕಾಡು ಕೆಡುವುದಿಲ್ಲ. ಹೊಸ ರಸ್ತೆ, ಹೊಸ ಹೋಟೆಲುಗಳಿಂದ ಕೆಡುತ್ತದೆ. ಸಾರ್ವಜನಿಕ ಕಾಡಿಗೆ ಶುಲ್ಕವೇಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬಾಡಿಗೆ ಏರುತ್ತ ಹೋದರೆ, ಅದರ ಮೇಲೆ ಬುಕಿಂಗ್ ಶುಲ್ಕವೂ ಸೇರಿದರೆ, ಬಡವರ ಮಕ್ಕಳು ಕಟ್ಟಿದ ಮನೆಯಲ್ಲಿ ಉಳಿಯುವುದು ಬಡವರಿಗೇ ಆಗದು.

ಇನ್ನೂ ದೊಡ್ಡ ಅಪಾಯ ಆಳುಗಳ ಕೊರತೆ. 2025ರ ಫೆಬ್ರುವರಿಯಲ್ಲಿ ಅರಣ್ಯ ಸೇವೆಯ ಸುಮಾರು ಎರಡು ಸಾವಿರ ಪ್ರೊಬೇಷನರಿ ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆದರು. ನ್ಯಾಯಾಲಯ ಮತ್ತು ಸರ್ಕಾರಿ ನೌಕರರ ದೂರು ಕೇಳುವ ಮಂಡಳಿಯ ಆದೇಶಗಳಿಂದ ಹಲವರು ಮರಳಿದರೂ ವ್ಯವಸ್ಥೆ ಸಡಿಲವಾಯಿತು. ಬೆಂಕಿ ಆರಿಸುವವರನ್ನು ಬಿಟ್ಟಿದ್ದೇವೆ ಎಂದು ಸರ್ಕಾರ ಹೇಳಿತು. ಹಾದಿ ಸವರುವವರು, ಕ್ಯಾಬಿನ್ ನೋಡಿಕೊಳ್ಳುವವರು, ಹಳೆಯ ಕಟ್ಟಡದ ತಜ್ಞರು ಬೆಂಕಿ ಆರಿಸುವವರ ಪಟ್ಟಿಯಲ್ಲಿ ಬರುವುದಿಲ್ಲ. ಸ್ವಯಂಸೇವಕರು ಎಷ್ಟೇ ಮನಸ್ಸಿಟ್ಟು ದುಡಿದರೂ ಅವರಿಗೆ ಮರ, ಮೊಳೆ, ಅನುಮತಿ ಕೊಡಲು ಕಚೇರಿಯಲ್ಲಿ ಒಬ್ಬ ಇರಲೇಬೇಕು.

ಇದರಲ್ಲಿ ಕನ್ನಡಿಗರಿಗೇನು? ಹಳೆಯ ನಂಟೊಂದಿದೆ. ಅರಣ್ಯ ಸೇವೆಯ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೊ 1889ರಲ್ಲಿ ಅರಣ್ಯಶಾಸ್ತ್ರ ಕಲಿಯಲು ಯುರೋಪಿಗೆ ಹೋದಾಗ ದಾರಿ ತೋರಿದ ಗುರು ಡೀಟ್ರಿಚ್ ಬ್ರಾಂಡಿಸ್. ಭಾರತದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಅವರೇ. ಇಲ್ಲಿನ ಸರ್ಕಾರಿ ಅರಣ್ಯ ಆಡಳಿತಕ್ಕೆ ತಳಹದಿ ಹಾಕಿದವರು. ಗಾರ್ಡು, ರೇಂಜರು ಸುತ್ತಾಟದ ನಡುವೆ ತಂಗಲು ಕಾಡಿನೊಳಗೆ ಸರ್ಕಾರಿ ಮನೆ ಬೇಕಾದದ್ದು ಎರಡೂ ದೇಶಗಳಲ್ಲಿ. ದಾಂಡೇಲಿ ಸೀಮೆಯಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಮಂಗಳೂರು ಹೆಂಚಿನ ಹಳೆಯ ಅರಣ್ಯ ಬಂಗಲೆಗಳು ನಮ್ಮಲ್ಲೂ ಇವೆ. ಅವುಗಳಲ್ಲಿ ಹಲವಕ್ಕೆ ಇಂದಿಗೂ ಮೊದಲ ಹಕ್ಕು ಕರ್ತವ್ಯದ ಮೇಲೆ ಬರುವ ಅಧಿಕಾರಿಗಳದ್ದು. ಮಹಾರಾಜರ ಕಾಲದ ಕಾರಾಪುರದ, ಕೆ.ಗುಡಿಯ ಬೇಟೆ ಬಂಗಲೆಗಳು 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಕೈಯಲ್ಲಿ ಚೆನ್ನಾಗಿ ಉಳಿದಿವೆ, ನಿಜ. ಆದರೆ ಅಲ್ಲಿನ ದರ ಒಬ್ಬ ಶಾಲಾ ಮೇಷ್ಟರ ಸಂಸಾರಕ್ಕೆ ಸುಲಭವಲ್ಲ.

ಅಮೆರಿಕದ ಕ್ರಮವನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು. ಆನೆ ಓಡಾಡುವ ಕಾಡಿನಲ್ಲಿ ಬೀಗದ ಅಂಕಿ ಕೊಟ್ಟು ಜನರನ್ನು ರಾತ್ರಿ ಒಬ್ಬೊಬ್ಬರನ್ನೇ ಬಿಡುವಂತಿಲ್ಲ; ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗದ ಬಂಗಲೆಗಳನ್ನು ಮುಟ್ಟಲೂ ಬಾರದು. ಕಾಡಿನ ಅಂಚಿನ, ಊರಿಗೆ ಹತ್ತಿರದ ಬಂಗಲೆಗಳಿಂದ ಶುರು ಮಾಡಬಹುದು. ಯಾವ ಬಂಗಲೆ, ಕಟ್ಟಿದ ವರ್ಷ, ಇಂದಿನ ಸ್ಥಿತಿ, ತಿಂಗಳಲ್ಲಿ ಎಷ್ಟು ರಾತ್ರಿ ಖಾಲಿ ಎಂಬ ಪಟ್ಟಿ ಜನರ ಮುಂದೆ ಬರಲಿ. ಖಾಲಿ ರಾತ್ರಿಗಳು ಶಿಫಾರಸಿಲ್ಲದೆ, ಸಾಧಾರಣ ಬಾಡಿಗೆಗೆ, ಮೊದಲು ಕೇಳಿದವರಿಗೆ ಸಿಗಲಿ. ಕಾವಲು, ಅಡುಗೆ ಕೆಲಸ ಅಕ್ಕಪಕ್ಕದ ಹಾಡಿಯವರಿಗೆ ಹೋಗಲಿ. ಹಣ ಸ್ಥಳದಲ್ಲೇ ಉಳಿಸುವುದು ನಮ್ಮ ಕಾನೂನಿಗೆ ಹೊಸದೇನಲ್ಲ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳು ಪ್ರವಾಸಿಗರ ಶುಲ್ಕವನ್ನು ಈಗಾಗಲೇ ಹಾಗೆ ಬಳಸಬಹುದಾಗಿದೆ. ಅದೇ ದಾರಿ ಉಳಿದ ಅರಣ್ಯ ವಿಭಾಗಗಳ ಬಂಗಲೆಗಳಿಗೂ ತೆರೆಯಬೇಕು. ಪಟ್ಟಿ ಮಾಡುವ ಕೆಲಸಕ್ಕಂತೂ ಯಾವ ಹೊಸ ಕಾಯ್ದೆಯೂ ಬೇಡ. ಒಂದೊಂದು ವಿಭಾಗದ ಕಚೇರಿಯೂ ಮುಂದಿನ ಮಳೆಗಾಲದೊಳಗೆ ಅದನ್ನು ಮುಗಿಸಬಹುದು.